ನಾದಿನಿಯ ಪರದೆ, ಅತ್ತಿಗೆಯ ಹಿಡಿಕೆ

ಫೆಬ್ರವರಿ ೩, ಸೋಮವಾರ

ಇಂದು ಸಬ್‌ಸ್ಟೇಷನ್ನಿನ ಲಾಗ್ ಪುಸ್ತಕವನ್ನು ಹೊತ್ತುಕೊಂಡು ಹೋದರು. ಇನ್ನು ಮುಂದೆ ಯಾವ ಲೈನು ಎಷ್ಟು ಹೊತ್ತಿಗೆ ಬಿತ್ತು, ಎಷ್ಟು ಹೊತ್ತಿಗೆ ಎದ್ದಿತು, ಎಬ್ಬಿಸಿದವರು ಯಾರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ತಾನಾಗಿಯೇ ದಾಖಲಾಗುತ್ತದಂತೆ. ಸರಿ. ಆದರೆ ಅದರ ಷರಾ ಕಾಲಂನಲ್ಲಿ ನಾನು ಇಪ್ಪತ್ತು ವರ್ಷ ಬರೆದುಕೊಂಡು ಬಂದ ಮಾತುಗಳು ಎಲ್ಲಿಗೆ ಹೋಗಬೇಕು? 'ಮೇಲಧಿಕಾರಿಗಳು ಬಂದರು, ಟೀ ಕುಡಿದರು, ಹೋದರು. ವೋಲ್ಟೇಜಿನಲ್ಲಿ ಬದಲಾವಣೆ ಇಲ್ಲ' ಎಂಬಂಥವಕ್ಕೆ ಕಂಪ್ಯೂಟರಿನಲ್ಲಿ ಜಾಗವಿಲ್ಲವಂತೆ. ಬರುವ ದಾರಿಯಲ್ಲಿ ಈ ನೋಟ್‌ಬುಕ್ ಕೊಂಡೆ. ಇನ್ನು ಇದೇ ನನ್ನ ಷರಾ ಕಾಲಂ. ಯಾರೂ ಸಹಿ ಹಾಕಬೇಕಾಗಿಲ್ಲ.

ಹೊಸ ಸ್ವಿಚ್‌ಗಿಯರ್ ಬಂದು ನಿಂತಿದೆ. ಊರಿಗೆ ಕರೆಂಟು ಬಿಡುವ, ಕಟ್ಟುವ ಕೆಲಸ ಅದರದು. ನಮ್ಮ ಹಳೆಯ ಪ್ಯಾನೆಲ್‌ಗಳಿಗೆ ಕಬ್ಬಿಣದ ಎದೆ, ಎಣ್ಣೆ ತುಂಬಿದ ಹೊಟ್ಟೆ, ಮೊಳದುದ್ದದ ಹಿಡಿಕೆ. ಹಿಡಿಕೆ ಎತ್ತಿ ತಳ್ಳಿದರೆ 'ಧಡ್' ಎಂದು ಕೋಣೆಯೇ ಹೂಂಗುಟ್ಟುತ್ತದೆ. ಕೆಲಸ ಆಯಿತೆಂದು ಮೂಳೆಗೆ ಗೊತ್ತಾಗುತ್ತದೆ. ಹೊಸವು ಬಾಗಿಲು ಮುಚ್ಚಿದ ಬೂದು ಬೀರುಗಳು. ನಗರದ ಕಂಟ್ರೋಲ್ ರೂಮಿನಲ್ಲಿ ಕೂತವರು ಮೌಸ್ ಒತ್ತಿದರೆ ಇಲ್ಲಿ 'ಟಿಕ್' ಎನ್ನುತ್ತವೆ. ಅಷ್ಟೇ. ಹಲ್ಲಿ ಲೊಚಗುಟ್ಟಿದಷ್ಟೂ ಘನತೆ ಇಲ್ಲ.

ಆ ಮೌಸ್ ಒತ್ತುವವಳು ಬೇರೆ ಯಾರೂ ಅಲ್ಲ, ನನ್ನ ನಾದಿನಿ. ಇವರ ಒಬ್ಬಳೇ ತಂಗಿ. ಕೂಸಾಗಿದ್ದಾಗ ನನ್ನ ಮದುವೆಯಲ್ಲಿ ನನ್ನ ಸೀರೆ ಮೇಲೆ ಉಚ್ಚೆ ಹೊಯ್ದವಳು. ಅಂದೇ ಸೂಚನೆ ಸಿಕ್ಕಿತ್ತು, ನಾನೇ ತಿಳಿದುಕೊಳ್ಳಲಿಲ್ಲ.

ಫೆಬ್ರವರಿ ೬, ಗುರುವಾರ

ಗಡಿಯಾರ ಸಾಹೇಬರು ಬಂದಿದ್ದರು. ನಮ್ಮ ಇಂಜಿನಿಯರಿಗೆ ನಾನಿಟ್ಟ ಹೆಸರು ಅದು. ಮಾತಾಡುವಾಗ ಎದುರಿನವರ ಮುಖ ನೋಡುವುದಿಲ್ಲ, ಕೈಗಡಿಯಾರ ನೋಡುತ್ತಾರೆ. ಬೀರುಗಳೆಲ್ಲ ಕಂಟ್ರೋಲ್ ರೂಮಿಗೆ ಜೋಡಣೆಯಾದ ಮೇಲೆ ನಮ್ಮಂಥ ಸಣ್ಣ ಸ್ಟೇಷನ್ನುಗಳಿಗೆ ಆಪರೇಟರ್ ಬೇಕಿಲ್ಲ ಎಂದು ಸಮಿತಿ ವರದಿ ಕೊಟ್ಟಿದೆಯೆಂದು ಗಡಿಯಾರಕ್ಕೆ ತಿಳಿಸಿದರು. ಗಡಿಯಾರದ ಪಕ್ಕದಲ್ಲಿ ನಿಂತಿದ್ದರಿಂದ ನನಗೂ ಕೇಳಿಸಿತು. ವರದಿಯ ಪ್ರತಿ ತೋರಿಸಿದರು. ಕೆಳಗೆ ಸಹಿ ನಾದಿನಿಯದು. ತಾರೀಖು ಹೋದ ವರ್ಷದ್ದು.

ಅಂದರೆ ಆಮೇಲೆ ಅವಳು ಎರಡು ಸಲ ನಮ್ಮ ಮನೆಗೆ ಬಂದಿದ್ದಾಳೆ. ನನ್ನ ಕೈಯಡುಗೆ ಉಂಡಿದ್ದಾಳೆ. ಇನ್ನೊಂದು ಸೌಟು ಹಾಕಿ ಅತ್ತಿಗೆ ಅಂದಿದ್ದಾಳೆ. ಇನ್ನೊಂದು ಸೌಟು ಹಾಕಿದ್ದೇನೆ.

ಸಂಜೆ ಫೋನ್ ಮಾಡಿದೆ. ಆಫೀಸಿನ ವಿಷಯ ಮನೆಯಲ್ಲಿ ಮಾತಾಡಬಾರದೆಂದು ನಿಯಮವಿದೆ ಅತ್ತಿಗೆ, ಅಂದಳು. ಹಾಗಾದರೆ ಮನೆಯ ವಿಷಯ ಆಫೀಸಿನಲ್ಲಿ ಆಡಬಾರದೆಂದು ನನ್ನದೂ ಒಂದು ನಿಯಮ. ಇವತ್ತಿನಿಂದ ನಾನು ಸ್ಟೇಷನ್ ನಾಲ್ಕು, ನೀನು ಕಂಟ್ರೋಲ್ ರೂಮ್, ಅತ್ತಿಗೆ ಸತ್ತಳು ಅಂದುಕೋ ಎಂದು ಫೋನ್ ಇಟ್ಟೆ.

ಇವರು ಎಲ್ಲ ಕೇಳಿಸಿಕೊಂಡು, ಅವಳದೂ ಸರಿ, ನಿನ್ನದೂ ಸರಿ ಅಂದರು. ದಿನವಿಡೀ ಸಿಟಿ ಬಸ್ಸು ಓಡಿಸುವ ಮನುಷ್ಯ, ಮನೆಗೆ ಬಂದರೆ ಸ್ಟೇರಿಂಗನ್ನೇ ಹಿಡಿಯುವುದಿಲ್ಲ. ಅಡ್ಡಗೋಡೆ ಮೇಲೆ ದೀಪ ಇಡುವುದಕ್ಕೆ ಪಗಾರ ಕೊಡುವುದಾದರೆ ಇವರಿಗೆ ಇಷ್ಟು ಹೊತ್ತಿಗೆ ಬಡ್ತಿ ಸಿಗುತ್ತಿತ್ತು. ಅತ್ತೆಗೆ ಏನೂ ಕೇಳಿಸಲಿಲ್ಲವಂತೆ. ಅತ್ತೆಯ ಕಿವಿ ಅವರಿಗೆ ಬೇಕಾದಾಗ ಮಾತ್ರ ಚಾಲೂ ಆಗುತ್ತದೆ.

ಫೆಬ್ರವರಿ ೧೧, ಮಂಗಳವಾರ

ಕಂಟ್ರೋಲ್ ರೂಮಿನ ಮಹಾರಾಣಿಯವರೊಂದಿಗೆ, ಅಂದರೆ ನಾದಿನಿಯೊಂದಿಗೆ, ರೆಕಾರ್ಡ್ ಆಗುವ ಫೋನಿನಲ್ಲಿ ಮೊದಲ ಸಂಭಾಷಣೆ. ಪ್ರತಿ ಮಾತನ್ನೂ ಎದುರಿನವರು ತಿರುಗಿ ಹೇಳಬೇಕೆಂಬುದು ಕಾನೂನು. ಫೀಡರ್ ಅಂದರೆ ಊರಿಗೆ ಹೋಗುವ ಒಂದು ಲೈನು, ತೆರೆಯುವುದು ಅಂದರೆ ಅದರ ಕರೆಂಟು ಕಟ್ಟುವುದು, ಮುಚ್ಚುವುದು ಅಂದರೆ ಬಿಡುವುದು. 'ಫೀಡರ್ ಎರಡು ತೆರೆಯಿರಿ' ಅಂದರೆ 'ಫೀಡರ್ ಎರಡು ತೆರೆಯುತ್ತಿದ್ದೇನೆ' ಅನ್ನಬೇಕು. ತೆರೆದ ಮೇಲೆ ನಾನು 'ತೆರೆದಿದೆ' ಅನ್ನಬೇಕು, ಅವಳು 'ತೆರೆದಿರುವುದು ಕಂಡಿತು' ಅನ್ನಬೇಕು. ಶಾಲೆಯಲ್ಲಿ ಮಗ್ಗಿ ಹೇಳಿಕೊಟ್ಟ ಹಾಗೆ. ನಾನು ಕೊನೆಯಲ್ಲಿ 'ಮಹಾಪ್ರಸಾದ' ಎಂದು ಸೇರಿಸಿದೆ. ಅದನ್ನೂ ತಿರುಗಿ ಹೇಳುತ್ತಾಳೋ ಎಂದು ಕಾದೆ. ಹೇಳಲಿಲ್ಲ.

ಫೆಬ್ರವರಿ ೧೨

ಇವತ್ತೂ ಅದೇ ಮಗ್ಗಿ.

ಫೆಬ್ರವರಿ ೧೮, ಮಂಗಳವಾರ

ಮೂರನೆಯ ಬೀರು ಬೆಳಗಿನಿಂದ ಬೊಬ್ಬೆ ಹೊಡೆಯುತ್ತಿದೆ. ಒಳಗಿನ ಅನಿಲದ ಒತ್ತಡ ಕಡಿಮೆಯಾಗಿದೆಯಂತೆ. ಆ ಅನಿಲವಿಲ್ಲದಿದ್ದರೆ ಒಳಗೆ ಕಿಡಿ ಹಾರುತ್ತದೆ, ಹಾಗಾಗಿ ಕಂಟ್ರೋಲ್ ರೂಮಿಗೆ ಗಾಬರಿ. ಮೀಟರ್ ನೋಡಿದೆ, ಮುಳ್ಳು ಹಸಿರಿನಲ್ಲೇ ಆರಾಮಾಗಿ ಮಲಗಿದೆ. ಹಾಗೆಂದು ವರದಿ ಮಾಡಿದೆ. ಪರದೆ ಕೆಂಪು ತೋರಿಸುತ್ತಿದೆ, ಅಂದಳು. ಪರದೆಗೆ ಕಣ್ಣು ಕೆಂಪಾಗಿರಬೇಕು, ನೋಡಿಸಿ, ಅಂದೆ. ಆಮೇಲೆ ನಗರದಿಂದ ಮೆಕ್ಯಾನಿಕ್ ಬಂದು, ಒಂದು ವೈರು ಸಡಿಲಾಗಿತ್ತೆಂದು ಬಿಗಿಮಾಡಿ ಹೋದ. ಅವನು ಗೇಟು ದಾಟಿರಲಿಲ್ಲ, ಮತ್ತೆ ಬೊಬ್ಬೆ.

ಇದನ್ನು ಸ್ಮಾರ್ಟ್ ಅನ್ನುತ್ತಾರೆ. ನಮ್ಮ ಅತ್ತೆಯೂ ದಿನಕ್ಕೆ ನಾಲ್ಕು ಸಲ ಎದೆ ನೋವು ಅನ್ನುತ್ತಾರೆ. ಯಾರೂ ಅವರನ್ನು ಸ್ಮಾರ್ಟ್ ಎಂದು ಕರೆದಿಲ್ಲ.

ಫೆಬ್ರವರಿ ೨೬, ಬುಧವಾರ

ಕಂಟ್ರೋಲ್ ರೂಮಿಗೆ ಕಿಟಕಿಯಿಲ್ಲ ಎಂಬುದು ಇವತ್ತು ತಿಳಿಯಿತು. ಫೀಡರ್ ಒಂದು ಪದೇ ಪದೇ ಬೀಳುತ್ತಿತ್ತು. ಮಗ್ಗಿಯ ನಡುವೆ ಅವಳು, ಅಲ್ಲಿ ಗಾಳಿ ಇದೆಯಾ ಎಂದು ಕೇಳಿದಳು. ಇದು ಕಾನೂನಿನ ಪಟ್ಟಿಯಲ್ಲಿರದ ಪ್ರಶ್ನೆ. ಎದ್ದು ಬಾಗಿಲಿಗೆ ಹೋಗಿ ನೋಡಿ ಬಂದು, ಇದೆ, ಪಕ್ಕದ ಮನೆಯವರ ಬಟ್ಟೆಯೆಲ್ಲ ನಮ್ಮ ಕಾಂಪೌಂಡಿಗೆ ವಲಸೆ ಬಂದಿದೆ, ಅಂದೆ. ಹಾಗಾದರೆ ತಂತಿಗೆ ತಂತಿ ತಾಗುತ್ತಿರಬೇಕು, ಗಾಳಿ ನಿಲ್ಲುವವರೆಗೆ ಆ ಕಡೆಯ ಜನಕ್ಕೆ ಇನ್ನೊಂದು ಲೈನಿನಿಂದ ಕೊಡುತ್ತೇನೆ ಅಂದಳು. ಟಿಕ್, ಟಿಕ್. ಕೊಟ್ಟೇಬಿಟ್ಟಳು. ಮೊದಲಾಗಿದ್ದರೆ ನಮ್ಮ ಲೈನ್‌ಮನ್ ಉದ್ದಣ್ಣ ಸೈಕಲ್ ಹತ್ತಿ ಊರೆಲ್ಲ ಸುತ್ತಬೇಕಿತ್ತು. ಅವನಿಗೆ ಖುಷಿ. ಅವನ ಖುಷಿ ನೋಡಿ ನನಗೆ ಕಸಿವಿಸಿ.

ಆಮೇಲೆ ಬಟ್ಟೆಗಳೆಲ್ಲ ಸಿಕ್ಕಿದವಾ ಎಂದು ಕೇಳಲು ಫೋನ್ ಮಾಡಿದ್ದಳು. ರೆಕಾರ್ಡ್ ಆಗುವ ಫೋನಿನಲ್ಲಿ. ಒಂದು ಲುಂಗಿಯ ಪತ್ತೆಯಿಲ್ಲ ಎಂದು ವರದಿ ಮಾಡಿದೆ. ಲುಂಗಿಯ ಪತ್ತೆಯಿಲ್ಲ, ಅಂದಳು. ತಿರುಗಿ ಹೇಳಬೇಕಲ್ಲ, ಕಾನೂನು.

ಮಾರ್ಚ್ ೫, ಬುಧವಾರ

ಕಂಟ್ರೋಲ್ ರೂಮ್ ಕೆಮ್ಮುತ್ತಿದೆ. ಪ್ರತಿ ವಾಕ್ಯದ ಮಧ್ಯೆ ಕೆಮ್ಮು. ಹೀಗೆ ಕೆಮ್ಮಿದರೆ ನಾನು 'ತೆರೆಯಿರಿ' ಎಂಬುದನ್ನು 'ಮುಚ್ಚಿರಿ' ಎಂದು ಕೇಳಿಸಿಕೊಂಡು ಊರು ಸುಟ್ಟೇನು. ಸುರಕ್ಷತೆಯ ದೃಷ್ಟಿಯಿಂದ ಇವರಿಗೆ ಹೇಳಿದೆ: ನಿಮ್ಮ ತಂಗಿಗೆ ಡಾಕ್ಟರ ಹತ್ತಿರ ಹೋಗಲು ಹೇಳಿ. ನೀನೇ ಹೇಳು ಅಂದರು. ನಾನು ಅವಳೊಂದಿಗೆ ಮಾತಾಡುವುದಿಲ್ಲ ಎಂದು ಇವರಿಗೆ ಎಷ್ಟು ಸಲ ನೆನಪಿಸಬೇಕು?

ಮಾರ್ಚ್ ೧೦, ಸೋಮವಾರ

ಡಾಕ್ಟರ ಹತ್ತಿರ ಹೋಗಿಲ್ಲ. ಕೇಳಿದರೇ ಗೊತ್ತಾಗುತ್ತದೆ, ಎದೆಯಲ್ಲಿ ಕಫ ಕೂತಿದೆ.

ಮಾರ್ಚ್ ೧೩, ಗುರುವಾರ

ಏಪ್ರಿಲ್ ಮೊದಲ ವಾರದ ನಂತರ ಹಳೆಯ ಪ್ಯಾನೆಲ್‌ಗಳನ್ನೆಲ್ಲ ಕಳಚುತ್ತಾರಂತೆ. ಅಲ್ಲಿಯವರೆಗೆ ಹಳೆಯವೂ ಹೊಸವೂ ಒಂದೇ ಕೋಣೆಯಲ್ಲಿ, ಒಂದೇ ಲೈನುಗಳಿಗೆ ಜೋಡಣೆಯಾಗಿ, ಸವತಿಯರಂತೆ ಸಂಸಾರ ಮಾಡಬೇಕು. ನನಗೆ ಎಲ್ಲಿಗೆ ವರ್ಗ ಎಂದು ಗಡಿಯಾರಕ್ಕೂ ಗೊತ್ತಿಲ್ಲ.

ಕಂಟ್ರೋಲ್ ರೂಮಿನಲ್ಲಿ ಹೊಸ ಆಟ ಶುರುವಾಗಿದೆ. ಕರೆಂಟು ಹೋದ ಮೇಲೆ ಯಾವ ಸ್ಟೇಷನ್ ಬೇಗ ವಾಪಸು ಕೊಟ್ಟಿತೆಂದು ಪಟ್ಟಿ ಕಳಿಸುತ್ತಾರೆ. ಪೂರ್ತಿ ಬೀರುಗಳೇ ಇರುವ ಸ್ಟೇಷನ್ನುಗಳು ಮೇಲೆ, ನಾವು ತಳದಲ್ಲಿ. ಇಪ್ಪತ್ತು ವರ್ಷದಲ್ಲಿ ನಾನು ತಳದಲ್ಲಿ ಇದ್ದದ್ದೇ ಇಲ್ಲ. ಯಾಕೆಂದರೆ ಆಗ ಪಟ್ಟಿ ಇರಲಿಲ್ಲ. ತೋರಿಸುತ್ತೇನೆ ಕಂಟ್ರೋಲ್ ರೂಮಿನವರಿಗೆ.

ಮಾರ್ಚ್ ೨೦, ಗುರುವಾರ

ಅಕ್ಷರ ಕೋಳಿ ಕೆದಕಿದ ಹಾಗೆ ಕಾಣುತ್ತಿದೆ. ಆದರೂ ಇವತ್ತೇ ಬರೆಯಬೇಕು, ನಾಳೆಗೆ ನನ್ನ ಮನಸ್ಸು ನನ್ನ ಪರವಾಗಿ ತಿದ್ದುಪಡಿ ಮಾಡಿಕೊಂಡುಬಿಡುತ್ತದೆ.

ಬೆಳಿಗ್ಗೆ ಮಾರುಕಟ್ಟೆ ಲೈನಿನ ಮೇಲೆ ಕೊಂಬೆ ಬಿತ್ತು. ಈ ತುದಿಯಲ್ಲಿ ನಾನು ಲೈನಿನ ಕರೆಂಟು ಕಟ್ಟಿದೆ. ಆ ತುದಿಯಲ್ಲಿ, ಮಾರುಕಟ್ಟೆ ಮೂಲೆಯ ರಸ್ತೆಬದಿ ಪೆಟ್ಟಿಗೆಯಲ್ಲಿ, ನಾದಿನಿ ತನ್ನ ಪರದೆಯಿಂದ ಕಟ್ಟಿದಳು. ಉದ್ದಣ್ಣ ಆ ಪೆಟ್ಟಿಗೆಯಲ್ಲಿ ಲೈನನ್ನು ಭೂಮಿಗೆ ಬಿಗಿದ. ಅದನ್ನು ಅರ್ತ್ ಹಾಕುವುದು ಅನ್ನುತ್ತೇವೆ. ಅದು ಇರುವವರೆಗೆ ತಂತಿ ಸತ್ತಂತೆ, ಮುಟ್ಟಬಹುದು. ಆಮೇಲೆ ಅವನು ಕಂಬ ಹತ್ತಿದ.

ಮಧ್ಯಾಹ್ನದ ಹೊತ್ತಿಗೆ ಊರಿನವರ ಬೈಗುಳದಿಂದ ಫೋನು ಬಿಸಿಯಾಗಿತ್ತು. ಪಟ್ಟಿ ಕಣ್ಣ ಮುಂದೆ ಕುಣಿಯುತ್ತಿತ್ತು. ಅಷ್ಟರಲ್ಲಿ ಉದ್ದಣ್ಣ ಫೋನ್ ಮಾಡಿ, "ಅಕ್ಕ, ಕೊಂಬೆ ತೆಗ್ದಾಯ್ತು, ತಂತಿ ಬಿಗಿದಾಯ್ತು, ಇನ್ನು..." ಅಂದ. ಸರಿ ಸರಿ ಎಂದು ಫೋನಿಟ್ಟೆ.

ಹೊಸ ಬೀರಿನ ಮುಂದೆ ಹೋಗಿ ಗುಂಡಿ ಒತ್ತಿದೆ. ಮಾತೇ ಕೇಳಲಿಲ್ಲ. ಕೆಂಪು ದೀಪ. ಮತ್ತೆ ಒತ್ತಿದೆ, ಮತ್ತೆ ಕೆಂಪು. ಒಂದು ತಿಂಗಳಿಂದ ಇಲ್ಲದ ಅನಿಲದ ಕಾಯಿಲೆಯನ್ನು ಇದೆಯೆಂದು ಬೊಬ್ಬೆ ಹೊಡೆದ ಜಾತಿಯಲ್ಲವೇ ಇದು. ಬಾಯಿಗೆ ಬಂದಂತೆ ಬೈದು ಪಕ್ಕದ ಹಳೆಯ ಪ್ಯಾನೆಲ್ಲಿಗೆ ಹೋದೆ. ಅದರಿಂದಲೂ ಅದೇ ಲೈನಿಗೆ ಕರೆಂಟು ಕೊಡಬಹುದು. ಅದು ಪ್ರಶ್ನೆ ಕೇಳುವುದಿಲ್ಲ. ಬೀಗ ತೆಗೆದೆ, ಹಿಡಿಕೆ ಹಿಡಿದೆ, ಎಡಗೈಯಲ್ಲಿ ಫೋನು.

"ಕಂಟ್ರೋಲ್, ನಿಮ್ಮ ಬೀರು ಮುಷ್ಕರ ಹೂಡಿದೆ. ಮಾರ್ಕೆಟ್ ಲೈನು ಹಳೇದರಿಂದ ಕೊಡ್ತಿದ್ದೀನಿ."

"ಸ್ಟೇಷನ್ ನಾಲ್ಕು, ನಿಲ್ಲಿಸಿ. ಅನುಮತಿ ಇಲ್ಲ."

ಇದನ್ನು ತಡೆಯಲು ನೀವು ಇಲ್ಲಿಗೆ ವೈರು ಎಳೆದಿಲ್ಲ ಮಹಾರಾಣಿಯವರೇ, ಎಂದು ಹೇಳಿ ಹಿಡಿಕೆಯನ್ನು ಅರ್ಧ ಎತ್ತಿದ್ದೆ. ಅವಳ ಪರದೆಯಲ್ಲಿ ಯಾವ ಗುಂಡಿ ಒತ್ತಿದರೂ ನನ್ನನ್ನು ನಿಲ್ಲಿಸುವಂತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಅತ್ತಿಗೆ, ಕೈ ತೆಗೀರಿ."

ಕೂಗಲಿಲ್ಲ. ಒಲೆಯ ಹತ್ತಿರ ಹೋದ ಮಗುವಿಗೆ, ಕೂಗಿದರೆ ಬೆಚ್ಚಿ ಬಿದ್ದೀತೆಂದು, ಮೆಲ್ಲಗೆ ಹೇಳುತ್ತಾರಲ್ಲ, ಹಾಗೆ. ಕೈ ತಾನಾಗಿಯೇ ಬಿಟ್ಟಿತು. ನಾನು ಬಿಡಿಸಿದ್ದಲ್ಲ.

"ಮಾರ್ಕೆಟ್ ಪೆಟ್ಟಿಗೇಲಿ ಅರ್ತ್ ಇನ್ನೂ ಹಾಕೇ ಇದೆ. ಬಾಗಿಲು ತೆಗೆದಿದೆ ಅಂತ ಪರದೇಲಿ ಕಾಣ್ತಿದೆ. ಉದ್ದಣ್ಣ ಅಲ್ಲೇ ಇರ್ಬೇಕು," ಅಂದಳು. ಆಮೇಲೆ ಕೆಮ್ಮಿದಳು. ಅಲ್ಲಿಯವರೆಗೆ ಕೆಮ್ಮನ್ನು ಹಿಡಿದುಕೊಂಡಿದ್ದಳೆಂದು ಕಾಣುತ್ತದೆ.

ಬೀರು ಮುಷ್ಕರ ಹೂಡಿರಲಿಲ್ಲ. ಅರ್ತ್ ಹಾಕಿದ ಲೈನಿಗೆ ಕರೆಂಟು ಬಿಡುವುದಿಲ್ಲ ಎಂದಿತ್ತು, ಅಷ್ಟೇ. ನಾನು ಹಿಡಿಕೆ ತಳ್ಳಿದ್ದರೆ ಸ್ಟೇಷನ್ನಿನ ಕರೆಂಟೆಲ್ಲ ಭೂಮಿಗೆ ನುಗ್ಗಿ, ಹಳೆಯ ಪ್ಯಾನೆಲ್ಲಿನ ಎಣ್ಣೆ ಕುದ್ದು, ಹೊಟ್ಟೆ ಒಡೆದು ನನ್ನ ಮುಖಕ್ಕೇ ಬರುತ್ತಿತ್ತು. ಆ ತುದಿಯಲ್ಲಿ ಪೆಟ್ಟಿಗೆ ಸಿಡಿಯುತ್ತಿತ್ತು. ಉದ್ದಣ್ಣನ ಎರಡೂ ಕೈ ಅದರ ಒಳಗಿದ್ದವು. ನಾನು ಪೂರ್ತಿ ಕೇಳದ ಅವನ ವಾಕ್ಯ ಇದು: "ಇನ್ನು ಪೆಟ್ಟಿಗೆ ಕೇಬಲ್ ನೋಡ್ಕೊಂಡು ಹೇಳ್ತೀನಿ, ಅಲ್ಲೀತನಕ ಬಿಡ್ಬೇಡಿ."

ನೆಲದ ಮೇಲೆ ಕೂತೆ. ಅವಳು ಫೋನು ಇಡಲಿಲ್ಲ. ನಾನೂ ಇಡಲಿಲ್ಲ.

ಮಾರ್ಚ್ ೨೧

ಉದ್ದಣ್ಣನ ಮನೆಗೆ ಹೋಗಿ ಹೇಳಿ ಬಂದೆ. ಅವನ ಹೆಂಡತಿ ಅಲ್ಲೇ ಇದ್ದಳು. ಅವನು ನಕ್ಕುಬಿಟ್ಟ. ಅವಳು ನಗಲಿಲ್ಲ. ಕುಡಿಯಲು ನೀರು ತಂದುಕೊಟ್ಟು ಒಳಗೆ ಹೋದವಳು ನಾನು ಹೊರಡುವವರೆಗೂ ಆಚೆ ಬರಲಿಲ್ಲ.

ಮಾರ್ಚ್ ೨೩, ಭಾನುವಾರ

ಅತ್ತೆಗೆ ಯಾರೂ ಹೇಳಿರಲಿಲ್ಲ. ಆದರೂ ಊಟಕ್ಕೆ ಕೂತಾಗ, "ತಲೆ ಗಟ್ಟಿ ಇದೆ ಅಂತ ಬಂಡೆಗೆ ಹಾಯಬಾರದು ಕಣೆ" ಅಂದರು. ಕಿವಿ ಚಾಲೂ ಆಗಿತ್ತು. ಇವರು ಬಟ್ಟಲು ನೋಡುತ್ತ ಕೂತಿದ್ದರು. ಎದ್ದು ಹೋಗುವಾಗ ನನ್ನ ಭುಜದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಇಷ್ಟು ವರ್ಷದಲ್ಲಿ ಬಸ್ಸು ನಿಲ್ದಾಣವಲ್ಲದ ಕಡೆ ನಿಂತದ್ದು ಇದೇ ಮೊದಲು.

ಮಾರ್ಚ್ ೨೬, ಬುಧವಾರ

ನಾಡಿದ್ದು ವಿಚಾರಣೆ. ಗಡಿಯಾರ ಸಾಹೇಬರು ಬಂದು, ಫೋನ್ ಲೈನು ಸರಿಯಿರಲಿಲ್ಲ, ಮಾತು ಕೇಳಿಸಲಿಲ್ಲ ಎಂದುಬಿಡಿ, ಎಲ್ಲರಿಗೂ ಒಳ್ಳೆಯದು ಅಂದರು. ನನಗೆ ಕೇಳಿಸಿತು ಸಾರ್, ಅದಕ್ಕೇ ಬದುಕಿದ್ದೇನೆ, ಅಂದೆ. ಮೊದಲ ಸಲ ನನ್ನ ಮುಖ ನೋಡಿದರು. ಅಷ್ಟೇನೂ ಹಿಡಿಸಲಿಲ್ಲವೆಂದು ಕಾಣುತ್ತದೆ, ಗಡಿಯಾರಕ್ಕೆ ಮರಳಿದರು.

ಮಾರ್ಚ್ ೨೮, ಶುಕ್ರವಾರ

ವಿಚಾರಣೆ. ಉದ್ದ ಮೇಜು, ಆ ಕಡೆ ಮೂವರು, ಈ ಕಡೆ ನಾನು, ಉದ್ದಣ್ಣ, ಅವಳು. ತೆಳ್ಳಗಾಗಿದ್ದಾಳೆ. ಕೈಯಲ್ಲಿ ಕೆಮ್ಮಿನ ಔಷಧಿ ಬಾಟಲಿ. ಕೊನೆಗೂ ಹೋಗಿದ್ದಾಳೆ ಡಾಕ್ಟರ ಹತ್ತಿರ.

ಹಿನ್ನೆಲೆ ತಿಳಿಯಲೆಂದು ಒಂದೂವರೆ ತಿಂಗಳ ರೆಕಾರ್ಡಿಂಗಿನ ತುಣುಕುಗಳನ್ನು ಹಾಕಿದರು. ಮಹಾಪ್ರಸಾದ ಬಂತು. ಪರದೆಯ ಕೆಂಪು ಕಣ್ಣು ಬಂತು. ಲುಂಗಿ ಬಂದಾಗ ಅಧ್ಯಕ್ಷರು ಕನ್ನಡಕ ತೆಗೆದು ಒರೆಸತೊಡಗಿದರು. ಗುಮಾಸ್ತ, ಲುಂಗಿಯನ್ನೂ ನಡಾವಳಿಯಲ್ಲಿ ಬರೆಯಬೇಕಾ ಎಂದು ಕೇಳಿದ. ಆಮೇಲೆ ಆ ದಿನದ ಮಾತು ಹಾಕಿದರು. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಸೊಕ್ಕು.

ತಪ್ಪು ನನ್ನದು ಅಂದೆ. ಅವನ ಮಾತು ಮುಗಿಯುವ ಮೊದಲೇ ಫೋನಿಟ್ಟೆ, ಬೀರು ಬೇಡವೆಂದ ಮೇಲೂ ಹಳೆಯದಕ್ಕೆ ಹೋದೆ, ಕಂಟ್ರೋಲ್ ರೂಮ್ ನಿಲ್ಲಿಸಿ ಅಂದ ಮೇಲೂ ಹಿಡಿಕೆ ಎತ್ತಿದೆ. ಪಟ್ಟಿಯಲ್ಲಿ ಮೇಲೆ ಬರಬೇಕಿತ್ತು, ಬೇರೆ ಕಾರಣವಿಲ್ಲ. ಅಧ್ಯಕ್ಷರು ಬರೆದುಕೊಂಡು ಫೈಲು ಮುಚ್ಚುವುದರಲ್ಲಿದ್ದರು.

ಅಷ್ಟರಲ್ಲಿ ಅವಳು ಎದ್ದು ನಿಂತಳು. ತಪ್ಪು ತನ್ನದಂತೆ. ಹಳೆಯದನ್ನೂ ಹೊಸದನ್ನೂ ಒಂದೇ ಲೈನಿಗೆ ಜೋಡಿಸಿಟ್ಟು, ಹಳೆಯದಕ್ಕೆ ಯಾವ ತಡೆಯೂ ಇಲ್ಲದೆ ಬಿಟ್ಟ ಯೋಜನೆಗೆ ಸಹಿ ಹಾಕಿದವಳು ತಾನಂತೆ. ಅಪಾಯವಿದೆಯೆಂದು ಅನ್ನಿಸಿತ್ತಂತೆ, ತಡವಾಗುತ್ತದೆಂದು ಸುಮ್ಮನಾದಳಂತೆ. ಆ ಪಟ್ಟಿಯೂ ಅವಳದೇ ಯೋಚನೆಯಂತೆ.

ನಾನು ಸುಮ್ಮನಿರಬಹುದಿತ್ತು. "ಹಿಡಿಕೆ ಎತ್ತಿದ್ದು ನಾನು. ನಿನ್ನ ಸಹಿ ಎತ್ತಲಿಲ್ಲ," ಅಂದೆ.

"ಎತ್ತೋ ಹಾಗೆ ಬಿಟ್ಟಿದ್ದು ನಾನಲ್ವಾ?"

"ನೀನು ಸುಮ್ನಿರು."

"ನೀವು ಸುಮ್ನಿರಿ."

ತಪ್ಪಿನಲ್ಲೂ ಪಾಲು ಕೇಳುವ ನಾದಿನಿಯನ್ನು ನಾನು ನೋಡಿದ್ದು ಇದೇ ಮೊದಲು. ಉದ್ದಣ್ಣ ನಡುವೆ ಬಾಯಿ ಹಾಕಿ, ತನ್ನದೂ ಒಂದು ಚೂರು ತಪ್ಪಿದೆ, ಬೇಡ ಅನ್ನುವ ಮಾತನ್ನು ಮೊದಲು ಹೇಳಬೇಕಿತ್ತು ಅಂದ. ನೀನು ಸುಮ್ಮನಿರು ಎಂದು ಇಬ್ಬರೂ ಒಟ್ಟಿಗೆ ಅಂದೆವು. ಅಧ್ಯಕ್ಷರು ಮೇಜು ತಟ್ಟಿ, ನೀವಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು ಎಂದು ಕೇಳಿದರು. ಸ್ಟೇಷನ್ ನಾಲ್ಕು ಎಂದು ಅವಳಂದಳು. ಕಂಟ್ರೋಲ್ ರೂಮ್ ಎಂದು ನಾನಂದೆ. ಇದನ್ನು ಬರೆಯಬೇಕಾ ಎಂದು ಗುಮಾಸ್ತ ಮತ್ತೆ ಕೇಳಿದ.

ಏಪ್ರಿಲ್ ೪, ಶುಕ್ರವಾರ

ಆದೇಶ ಬಂತು. ನಾನು ಇನ್ನು ಯಾವ ಸ್ವಿಚ್ಚನ್ನೂ ಮುಟ್ಟುವಂತಿಲ್ಲ. ಊರಿನ ರಸ್ತೆಬದಿ ಪೆಟ್ಟಿಗೆಗಳನ್ನು ಸುತ್ತಿ ನೋಡಿ, ನೋಡಿದ್ದನ್ನು ಕಂಟ್ರೋಲ್ ರೂಮಿಗೆ ಹೇಳುವ ಕೆಲಸ. ಬಡ್ತಿ ತಡೆ. ಅವಳಿಗೆ ಲಿಖಿತ ಎಚ್ಚರಿಕೆ; ಅದರಲ್ಲಿ, ರೆಕಾರ್ಡ್ ಆಗುವ ಫೋನಿನಲ್ಲಿ ನಿಗದಿತವಲ್ಲದ ಸಂಬೋಧನೆ ಬಳಸಿದ್ದಕ್ಕೆ ಬೇರೆ ಒಂದು ಸಾಲು. ಎಲ್ಲ ಸ್ಟೇಷನ್ನುಗಳ ಹಳೆಯ ಪ್ಯಾನೆಲ್‌ಗಳನ್ನು ತಕ್ಷಣ ಬೇರ್ಪಡಿಸಲು ಆದೇಶ. ಪಟ್ಟಿ ರದ್ದು.

ಆ ಒಂದು ಸಾಲಿನ ಬಗ್ಗೆ ಮೇಲಿನವರಿಗೆ ಪತ್ರ ಬರೆದಿದ್ದೇನೆ. ನಿಗದಿತ ಸಂಬೋಧನೆಗೆ ನಾನು ಕೈ ತೆಗೆದಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು ಎಂದು. ಅವಳ ಮೇಲಿನ ಮಮತೆಯಿಂದಲ್ಲ. ತಪ್ಪು ಷರಾ ಕಂಡರೆ ನನಗೆ ಆಗುವುದಿಲ್ಲ, ಅಷ್ಟೇ.

ಏಪ್ರಿಲ್ ೮, ಮಂಗಳವಾರ

ನಮ್ಮ ಹಳೆಯ ಪ್ಯಾನೆಲ್ ಇವತ್ತು ನಿಂತಿತು. ಬೇರ್ಪಡಿಸುವಾಗ ಕಂಟ್ರೋಲ್ ರೂಮಿನಿಂದ ಒಬ್ಬರು ಹಾಜರಿರಬೇಕೆಂದು ಅವಳೇ ಬಂದಳು. ಕೊನೆಯ ಸಲ ಹಿಡಿಕೆ ಎಳೆದು ತೆರೆಯಬೇಕಿತ್ತು. ನಾನು ಮುಟ್ಟುವಂತಿಲ್ಲ. ಗಡಿಯಾರ ಸಾಹೇಬರಿಗೆ ಬೆನ್ನು ನೋವು. ಉಳಿದವಳು ಅವಳು. ಊರೂರಿಗೆ ಕರೆಂಟು ಬಿಟ್ಟು ಕಟ್ಟಿದವಳು, ಒಂದು ಹಿಡಿಕೆಯನ್ನೂ ಕೈಯಲ್ಲಿ ಹಿಡಿದವಳಲ್ಲವಂತೆ. ಎರಡೂ ಕೈಯಲ್ಲಿ ಹಿಡಿದು, ಹಾವಿನ ಬಾಲ ಹಿಡಿದವಳಂತೆ ನಿಂತಳು.

"ಕಾಲು ಅಗಲಿಸಿ ನಿಲ್ಲು. ಕಣ್ಣು ಮುಚ್ಕೋಬೇಡ. ಎಳಿ," ಅಂದೆ.

"ಎಳೀತಿದ್ದೀನಿ," ಎಂದು ತಿರುಗಿ ಹೇಳಿ ಕಣ್ಣು ಮುಚ್ಚಿಕೊಂಡೇ ಎಳೆದಳು.

ಧಡ್. ಕೋಣೆ ಹೂಂಗುಟ್ಟಿತು. ಅವಳು ಹಾರಿ ಬಂದು ನನ್ನ ಕಾಲು ತುಳಿದಳು. ದಿನಾ ಇಷ್ಟು ಜೋರಾಗಿ ಆಗುತ್ತಿತ್ತಾ ಎಂದು ಕೇಳಿದಳು. ದಿನಾ, ಅಂದೆ. ಪರದೆಯಲ್ಲಿ ಒಂದು ಚುಕ್ಕೆ ಬಣ್ಣ ಬದಲಾಯಿಸುತ್ತದೆ ಅಷ್ಟೇ ಅತ್ತಿಗೆ, ಅಂದಳು. ಸಾಹೇಬರು ಹೊತ್ತಾಯಿತು ಅಂದರು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ವಾಪಸು ಹೋಗುವ ಬಸ್ಸು ಬೆಳಿಗ್ಗೆ ಇತ್ತು. ಮನೆಗೆ ಬಾ ಎಂದು ನಾನು ಕರೆಯಲಿಲ್ಲ. ಇನ್ನೆಲ್ಲಿಗೆ ಹೋಗುತ್ತೀಯ ಎಂದಷ್ಟೇ ಕೇಳಿದೆ. ಬಂದಳು. ಈಗ ಬಸ್ಸು ಬೆಳಗಿನದಲ್ಲವಂತೆ, ನಾಲ್ಕು ದಿನ ರಜೆಯಂತೆ. ಅತ್ತೆಯ ಎದೆ ನೋವು ಸಂಜೆಯಿಂದ ಮಾಯ. ಇವರು ಅವಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಏನೂ ಕೇಳದೆ, ಹಲ್ಲು ಕಿಸಿಯುತ್ತ ಓಡಾಡುತ್ತಿದ್ದಾರೆ.

ನಮ್ಮಿಬ್ಬರ ನಡುವೆ ಏನೂ ಬದಲಾಗಿಲ್ಲ. ವರದಿಗೆ ಸಹಿ ಹಾಕಿದ್ದನ್ನು ನಾನು ಮರೆಯುವವಳಲ್ಲ, ಹಾಗೆಂದು ಊಟ ಬಡಿಸುವಾಗ ಮುಖಕ್ಕೇ ಹೇಳಿದೆ. ತಲೆಯಾಡಿಸಿ, ಇನ್ನೊಂದು ಸೌಟು ಹಾಕಿ ಅಂದಳು. ಮಲಗಿದರೆ ಕೆಮ್ಮು ಬರುತ್ತದಂತೆ, ತಲೆಗೆ ಎತ್ತರ ಬೇಕಂತೆ. ನನ್ನ ದಿಂಬನ್ನೂ ಅವಳಿಗೇ ಕೊಟ್ಟಿದ್ದೇನೆ. ಸಿಟ್ಟಿನಿಂದಲೇ ಕೊಟ್ಟೆ ಎಂಬುದು ದಾಖಲಾಗಿರಲಿ.